‘ಳ’ಕ್ಕ ಜಾಗ ಬಿಡು

ಕುಂದ್ರು ಸೈಬಣ್ಣ, ಆ ಫರಸಿ ಮ್ಯಾಲೆ.
ಇನ್ನೊಂದು ತಾಸಿನಾಗ ಈ ಬೇವಿನ ನೆಳ್ಳು
ತಹಶೀಲ ಕಚೇರಿ ಗ್ವಾಡಿಗಿ ಹೋಗ್ತದ,
ಅಷ್ಟರಾಗ ಒಂದು ಪ್ಯಾರಾ ಕಲ್ತಕೋ.

ಮಿಷನ್ನಿಂದು ಒಂದು ಐಬ ಅದ, ಮೊದಲ ಹೇಳ್ತೀನಿ:
‘ಳ’ ಮೂಡಂಗಿಲ್ಲ. ಹನ್ನೊಂದು ವರ್ಷಾಯ್ತು.
ರಿಪೇರಿ ಮಾಡೋ ಬಾಷಾಮಿಯಾ ಹೋದ ಮ್ಯಾಲೆ
ಯಾದಗಿರಾಗ ಆ ವಿದ್ಯಾ ಯಾರಿಗೂ ಉಳಿದಿಲ್ಲ.
ಅಲ್ಲಿ ಒಂದು ಖಾಲಿ ಹೊಡಿ, ಕಡೀಕಿ ಪೆನ್ನಿಲೆ ತುಂಬು.

ಹೊಲ ಬರೀವಾಗ ಹೊಲ ಬರೀಬ್ಯಾಡ.
ಮೂಡಣಕ್ಕ ಯಾರ ಬದು, ಪಡುವಣಕ್ಕ ಯಾವ ಹಳ್ಳ,
ಬಡಗಣಕ್ಕ ದರ್ಗಾದ ಕಟ್ಟಿ, ತೆಂಕಣಕ್ಕ ಬಂಡಿ ದಾರಿ,
ನಾಕೂ ಮಗ್ಗಲು ಹೇಳಿ ಸುಮ್ಮನಾಗು.
ನಡುವ ಉಳಿದದ್ದೇ ಹೊಲ.
ಚಕ್‌ಬಂದಿ ಅಂತಾರ ಇದಕ್ಕ.
ನಿಮ್ಮ ಕಾಲೇಜಿನಾಗ ವರ್ಣನಾ ಅಂದ್ರ
‘ರಮಣೀಯ’ ಅಂತ ಕಲಿಸಿರಬೇಕು;
ಆ ಶಬ್ದಕ್ಕ ಇಲ್ಲಿಯ ಗುಮಾಸ್ತ ಕಣ್ಣೆತ್ತಿ ನೋಡಂಗಿಲ್ಲ.

ಕಥಿ ಹೇಳಾಕ ಬಂದವರನ್ನ ತಡೀಬ್ಯಾಡ.
ಮದುವಿಯಿಂದ ಸುರು ಮಾಡ್ತಾರ, ಎಮ್ಮಿ ಸತ್ತದ್ದು ಹೇಳ್ತಾರ,
ಇವತ್ತು ಬಸ್ಸಿನಾಗ ಜಾಗ ಸಿಗಲಾರದ್ದೂ ಹೇಳ್ತಾರ.
ಕಿವಿ ಕೊಡು, ಕೈ ಕೊಡಬ್ಯಾಡ.
ತಾರೀಖು ಬಂದಾಗಷ್ಟೇ ಬರಕೋ.
ತಾರೀಖು ಅಂದ್ರ ನೆನಪಿಗೆ ಹೊಡೆದ ಗೂಟ;
ಎರಡು ಗೂಟದ ನಡುವ ಹಗ್ಗ ಬಿಗಿ.
ಅದರ ಮ್ಯಾಲೆ ಅರಿವಿ ಒಣಗಹಾಕೋದು ಅವರ ಕೆಲಸ.

ವ್ಯಾಖ್ಯಾ ಅದಲ್ಲ, ಅದು ಕಷ್ಟದ್ದು.
‘ಅರ್ಜಿದಾರ ಎಂದರೆ’ ಅಂತ ಹೊಡೆದಿ ಅಂದ್ರ
ಆ ಮನಶಾ ನಿನ್ನ ಕೈಯಾಗ ಬಂದ.
ಒಂದು ಮಾತು ತಪ್ಪಿದ್ರ ಹೊಸ್ತಲದ ಹೊರಗ ನಿಲ್ತಾನ,
ಮುಂದ ಯಾರೂ ಅವನ್ನ ಒಳಗ ಕರಿಯಂಗಿಲ್ಲ.

ಹೋದ ಸೋಮಾರ ಹತ್ತಿಕುಣಿಯಿಂದ ಇಬ್ಬರು ಬಂದಿದ್ರು,
ಚಂದವ್ವ, ಖೈರುನ್‌ಬಿ. ಮೊಣಕಾಲು ಇಬ್ಬರವೂ ಹೋಗ್ಯಾವ;
ಒಬ್ಬಾಕಿ ಎಡಕ್ಕ ವಾಲಿದ್ರ ಇನ್ನೊಬ್ಬಾಕಿ ಬಲಕ್ಕ.
ಇಬ್ಬರಿಗೂ ಕೂಡಿ ಒಂದೇ ರೇಷನ್ ಕಾರ್ಡ ಬೇಕಂತ.
ನಿಮಗೇನು ಸಂಬಂಧ? ಕೇಳಿದೆ.
ಅಕ್ಕತಂಗೇರಲ್ಲ, ನೆಗೆಣ್ಯಾರಲ್ಲ, ಬೀಗರಂತೂ ಅಲ್ಲ.
‘ಒಂದ ಒಲಿ,’ ಅಂದಳು ಚಂದವ್ವ.
ಫಾರಂನಾಗ ಆ ಖಾನೆ ಇಲ್ಲವ್ವ, ಅಂದೆ.
‘ಇಪ್ಪತ್ತು ವರ್ಷಾತು, ಆಕಿ ನಾದ್ತಾಳ, ನಾ ಬಡೀತೀನಿ.
ರೊಟ್ಟಿಗಿ ಎರಡು ಮಗ್ಗಲು ಇರ್ತಾವಲ್ಲೋ ಯಪ್ಪಾ,
ಅವಕ್ಕೇನು ಸಂಬಂಧ ಅಂತ ಬರೀತಿ?’

ನಲವತ್ತು ವರ್ಷ ‘ಎಂದರೆ’ ಬರದವ ನಾ,
ಅವತ್ತು ಕುಂತೇ ಕುಂತೆ. ಚಹಾದ ಮ್ಯಾಲೆ ಕೆನಿ ಕಟ್ತು.
ಕಡೀಕಿ ಚಕ್‌ಬಂದಿಯಿಂದ ಸುರು ಮಾಡಿದೆ:
ಮೂಡಣಕ್ಕೆ ಚಂದವ್ವಳ ಹಾಸಿಗೆ,
ಪಡುವಣಕ್ಕೆ ಖೈರುನ್‌ಬಿಯವಳ ನಮಾಜಿನ ಚಾಪೆ,
ಬಡಗಣಕ್ಕೆ ಜೋಳದ ಡಬ್ಬ, ತೆಂಕಣಕ್ಕೆ ಬಾಗಿಲು.
ಅದರ ಕೆಳಗ,
‘ಕುಟುಂಬ ಎಂದರೆ ಒಂದೇ ಬೆಂಕಿಯ ಮುಂದೆ
ಬಿಸಿ ರೊಟ್ಟಿಗೆ ಕಾಯುವವರು.’

ಹಾಳಿ ಎಳೆದು ನೋಡಿದ್ರ ಮೈತುಂಬ ತೂತು.
‘ಅವಳು’ ಇದ್ದಲ್ಲೆಲ್ಲ ಅರ್ಧ ಹೆಂಗಸು,
ಜೋಳ ಇದ್ದಲ್ಲಿ ಬರೇ ಜೋ, ಬೇಳೆ ಇದ್ದಲ್ಲಿ ಬರೇ ಬೇ.
‘ಬಾಳು’ ಅಂತ ಒಂದೇ ಸಲ ಬಂದಿತ್ತು;
ಅದು ಯಾರನ್ನೋ ‘ಬಾ’ ಅಂತ ಕರದಂಗಿತ್ತು.
ಖೈರುನ್‌ಬಿಗೆ ಓದಾಕ ಬರಂಗಿಲ್ಲ.
ತೂತಿನ ಮ್ಯಾಲೆ ಬೆರಳಿಟ್ಟು ಕೇಳಿದಳು,
‘ಇಲ್ಲಿ ಯಾರು ಬರೋರು ಅದಾರ?’

ನೀಲಿ ಪೆನ್ನು ತಗೊಂಡೆ.
ಒಂದೊಂದೇ ‘ಳ’ ಕುಂದ್ರಿಸಿದೆ, ಹತ್ತೊಂಬತ್ತು.
ಎಣಿಸಿದಾಕಿ ಚಂದವ್ವ.

ಸಾಹೇಬರು ಏನಂದ್ರು ಅಂತ ಕೇಳಬ್ಯಾಡ.
ಫೈಲು ಒಳಗದ. ಆ ‘ಒಳಗ’ದಾಗೂ
ಒಂದು ತೂತು ಅದ ನೋಡು.

ಏಳು, ಬಿಸಿಲು ಬಂತು.
ನೀ ಮಿಷನ್ ಹಿಡಿ, ನಾ ಸ್ಟೂಲು ತರ್ತೀನಿ.
ಹಾಂ, ಪೆನ್ನು ಮರೀಬ್ಯಾಡ.