ಗಾರ್ಡ್ ಡಬ್ಬಿ

"ಈ ಲೋಕದ ಗಾಡಿಗೆ ದೇವರೇ ಡ್ರೈವರ್"
ಎಂದು ಘಂಟಿಕೇರಿ ದೇವಾಲಯದಲ್ಲಿ ಪಾದ್ರಿಗಳು ಹೇಳಿದಾಗ
ಕಡೇ ಬೆಂಚಿನಲ್ಲಿ ಅಪ್ಪ ಮೆಲ್ಲಗೆ ಕೆಮ್ಮಿದ.

ಮೂವತ್ತೊಂದು ವರ್ಷ ಗೂಡ್ಸ್ ಗಾಡಿಯ ಗಾರ್ಡ್ ಅವನು,
ಬಾಲದ ಡಬ್ಬಿಯ ಮನುಷ್ಯ.
"ಮುಂದಿನವಗ ಹಳಿ ಕಾಣ್ತದ,
ಹಿಂದಿನವಗ ಉಳಿದದ್ದು ಕಾಣ್ತದ" ಅನ್ನುತ್ತಿದ್ದ.

ಅಣ್ಣಿಗೇರಿ ದಾಟಿದ ಮೇಲೆ, ಒಂದು ರಾತ್ರಿ,
ಕಲ್ಲಿದ್ದಲಿನ ನಲವತ್ತು ಡಬ್ಬಿ
ನೋಡದೇ ಹಾದುಹೋದ ಒಂದು ಜೀವ
ಅವನ ಕಂದೀಲಿಗೆ ಸಿಕ್ಕಿತು:
ಎರೆಹೊಲದ ಬದುವಿನ ಮೇಲೆ, ಹರಿದ ಸೀರೆ,
ಗಲ್ಲಕ್ಕೆ ಮೂರು ದಿನದ ಗಡ್ಡ.
ಊರು ಕಲ್ಲು ತೂರಿ ಅಟ್ಟಿತ್ತು;
ಮನೆ, ಅದಕ್ಕೂ ಮೊದಲೇ.

ಬ್ರೇಕ್ ಎಳೆದ. ಇಳಿದು ಹಿಂದಕ್ಕೆ ನಡೆದ
ಅರ್ಧ ಮೈಲು, ಜಲ್ಲಿಕಲ್ಲಿನ ಮೇಲೆ.
ಹೆಸರು ಕೇಳಿದ. ಎರಡಿದ್ದವು.
"ನಿನಗ ಯಾವುದು ಸೇರ್ತದ?"
"ಚಂಪಾ."
ಡಬ್ಬಿಯಲ್ಲಿ ಕೂಡಿಸಿ, ಅವ್ವ ಕಟ್ಟಿದ ಬುತ್ತಿ ಬಿಚ್ಚಿದ,
ರೊಟ್ಟಿ, ಪುಂಡಿಪಲ್ಲೆ, ಜಜ್ಜಿದ ಉಳ್ಳಾಗಡ್ಡಿ.
ತಾನು ಕುಡಿದ ಲೋಟದಲ್ಲೇ ನೀರು.

ಹುಬ್ಬಳ್ಳಿ ಆಫೀಸಿನಿಂದ ಮೆಮೊ ಬಂತು:
ಐವತ್ತು ನಿಮಿಷ ತಡ. ಕಾರಣ ತಿಳಿಸತಕ್ಕದ್ದು.
ಅಪ್ಪ ಬರೆದ: ಒಂದು ಕಡಿಮೆ ಇತ್ತು.
ಸಾಹೇಬರು ಮತ್ತೆ ಮತ್ತೆ ಡಬ್ಬಿ ಎಣಿಸಿದರು,
ನಲವತ್ತಕ್ಕೆ ನಲವತ್ತೂ ಇದ್ದವು.
ಆ ವರ್ಷದ ಇನ್‌ಕ್ರಿಮೆಂಟ್ ಹೋಯಿತು;
ಅವ್ವ ಎರಡು ದಿನ ಮಾತು ಬಿಟ್ಟಳು,
ಮೂರನೆಯ ದಿನ ತನ್ನದೊಂದು ಕುಪ್ಪಸ ಸಡಿಲಿಸಿ ಹೊಲಿದಳು.

ಅಪ್ಪ ಈಗಿಲ್ಲ.
ನನಗೆ ಪ್ರಾರ್ಥನೆ ಅಷ್ಟಾಗಿ ಬರುವುದಿಲ್ಲ.
ಭಾನುವಾರ ತಡವಾಗಿ, ತಲೆ ತಗ್ಗಿಸಿ ಒಳಹೊಕ್ಕರೆ
ಕಡೇ ಬೆಂಚಿನಲ್ಲಿ
ಚಂಪಕ್ಕ ಸರಿದು ಜಾಗ ಮಾಡುತ್ತಾಳೆ.