ಮೂಟೆ ಬಂದಿಲ್ಲ

ವಿರಾಜಪೇಟೆ ಕಾಲೇಜು, ಲ್ಯಾಬಿನ ಮೂರನೇ ಕಂಪ್ಯೂಟರು.
ಕರಿಮೆಣಸಿನ ದರಕ್ಕೊಂದು ಫಂಕ್ಷನ್ ಬರೆಯುತ್ತಿದ್ದೆ.
ತೇ ಎಂದರೆ ತೇವಾಂಶ, ಬರೀ ಅಕ್ಷರ.
ತೇ ಹನ್ನೆರಡು ಮೀರಿದರೆ ಇಷ್ಟು ಕಡಿತ,
ಇಲ್ಲದಿದ್ದರೆ ಪೂರ್ತಿ ದರ.
ನಾಲ್ಕೇ ಸಾಲು. ಎರಡರ ಮಗ್ಗಿಯಷ್ಟು ಸಲೀಸು.

ಎಂಟರ್ ಒತ್ತಿದೆ, ಕೆಂಪಕ್ಷರ ಸುರಿಯಿತು.
ಹನ್ನೊಂದು ಸಾಲಿನಲ್ಲಿ ಕೊನೆಯದು ಮಾತ್ರ ನನಗೆ:
ಟೈಪ್ ಎರರ್. ಈ ಸಂಬಂಧ ಸತ್ಯವೋ ಸುಳ್ಳೋ
ತೀರ್ಮಾನಿಸಲಾಗದು.

ಹದಿನೇಳು ವರ್ಷ ಬೀಜಗಣಿತ ಹೇಳಿಕೊಟ್ಟವಳಿಗೆ!
ಆವರಣ ಸರಿ. ಕಾಗುಣಿತ ಸರಿ.
ತೇ ಇದ್ದಲ್ಲಿ ಹದಿನಾಲ್ಕು ಕೊಟ್ಟರೆ
ತೆಪ್ಪಗೆ ಉತ್ತರ ಕೊಡುತ್ತದೆ,
ತೇ ಎಂದೇ ಬಿಟ್ಟರೆ ಮತ್ತೆ ಕೆಂಪು.

ಸಿಟ್ಟು ಬಂದು, ಮೇಲಿನ ಸಾಲಿಗೆ ಹೋಗಿ
ತೇ ಸಮ ಹನ್ನೆರಡು ಎಂದು ಬರೆದೆ.
ಎರರ್ ಹೋಯಿತು. ಲೆಕ್ಕವೂ ಹೋಯಿತು.
ಅವಕಲಿಸು ಎಂದರೆ
ಹನ್ನೆರಡನ್ನು ಹಿಡಿದು ಏನನ್ನು ಅವಕಲಿಸಲಿ
ಅಂತ ಹೊಸ ಜಗಳ.
ಅಟೆಂಡರ್ ಅಯ್ಯಣ್ಣ ಬಾಗಿಲಲ್ಲಿ ಬೀಗದ ಗೊಂಚಲು ಕುಲುಕಿದ.

ಗಡಿಯಾರ ಕಂಬದಾಚೆ ಪೋಕರಾಕನ ಮೆಣಸಿನ ಮಳಿಗೆ.
ದಾರಿಯಲ್ಲೇ ನಿಂತು ಕೇಳಿದೆ,
ನಮ್ಮಕ್ಕನ ತೋಟದ್ದು, ಎಷ್ಟಕ್ಕೆ ತಗೋತೀರಿ?
ತಕ್ಕಡಿಯಿಂದ ಕಣ್ಣೆತ್ತಲಿಲ್ಲ ಅವರು.
"ಮೂಟೆ ಎಲ್ಲಿ ಟೀಚರೇ?"
ಬಂದಿಲ್ಲ.
"ತೇವ?"
ಗೊತ್ತಿಲ್ಲ.
"ಮತ್ತೆ?
ಒಣಗಿದ್ದರೆ ಹೀಗೆ, ಹಸಿ ಇದ್ದರೆ ಹಾಗೆ.
ಬೇಕಾದರೆ ಎರಡನ್ನೂ ಚೀಟಿಯಲ್ಲಿ ಬರೆದುಕೊಡುವಾ.
ಒಂದನ್ನು ಈಗಲೇ ಹೊಡೆದು ಹಾಕು ಅನ್ನಬೇಡಿ."
ಯಾರದೋ ಮೂಟೆಯ ಒಂದು ಕಾಳು ಹಲ್ಲಿಗಿಟ್ಟು ಕಚ್ಚಿದರು.
ಟಕ್.
"ಇದು ಹನ್ನೊಂದೂವರೆ."

ಚೀಟಿ ಕೈಯಲ್ಲಿ, ಬಸ್ಸು ಹೋಗಿಯೇ ಬಿಟ್ಟಿತು.
'ಇದ್ದರೆ' ಎಂದು ನಾನು ಬರೆದದ್ದು ಷರತ್ತು ಅಂದುಕೊಂಡಿದ್ದೆ.
ಅದರ ಕಿವಿಗೆ ಅದು
ಈ ಕ್ಷಣವೇ ಕೇಳಿದ ತೀರ್ಪು.
ಕಾಣದ ಮೂಟೆಗೆ ಬೆಲೆ ಕಟ್ಟಲಾರೆ ಅಂದಿತ್ತು ಪಾಪ,
ತನಗೆ ಬರುವ ಇಂಗ್ಲಿಷಿನಲ್ಲಿ.

ಬೆಳಿಗ್ಗೆ, ಉದ್ದ ಪುಷ್ಪಾವರಣವೊಂದರೊಳಗೆ
ಎರಡೂ ದರಗಳನ್ನು ಒಂದರ ಕೆಳಗೊಂದು ಕೂರಿಸಿದೆ,
ಪೋಕರಾಕನ ಚೀಟಿಯ ಹಾಗೇ.
ಕೆಂಪಿಲ್ಲ. ತೇ ಇನ್ನೂ ತೇ.

ಆಮೇಲೆ ಹಾಜರಿ ಪುಸ್ತಕ ತೆರೆದರೆ
ದೇಚಕ್ಕನ ಹೆಸರಿನ ಪಕ್ಕ, ನನ್ನದೇ ಪೆನ್ಸಿಲ್ಲಲ್ಲಿ,
ಜುಲೈಯಲ್ಲೇ ಬರೆದಿಟ್ಟ 'ಆಗದು'.
ಪರೀಕ್ಷೆ ನವೆಂಬರಿನಲ್ಲಿ.

ರಬ್ಬರ್ ಹುಡುಕಿದೆ.
ಮೇಜಿನ ಖಾನೆಯಲ್ಲಿ ಸೀಮೆಸುಣ್ಣ, ಪಿನ್ನು,
ಜೇಬಿನಿಂದ ಉದುರಿದ ಎರಡು ಮೆಣಸಿನ ಕಾಳು.