ಹೊರಗೆ ಆಳವಾಗಿ ಉಸಿರಾಡಬೇಡ

ಉಲಾನ್‌ಬಾತರ್‌ನ ಬಡಗಣ ದಿಬ್ಬದ ಮೇಲೆ
ಡಿಸೆಂಬರಿನಲ್ಲಿ ಬೆಳಗಿನ ಎಂಟಕ್ಕೂ ಇರುಳೇ.
ಒಂದೊಂದು ಗುಡಾರಮನೆಯ ನೆತ್ತಿಯಿಂದ ಎದ್ದ ಹೊಗೆ
ಮೇಲೆ ಹೋಗಲಾರದೆ ಅಲ್ಲಲ್ಲೇ ಬಾಗಿ
ನಮ್ಮ ಶಾಲೆಯ ಕಿಟಕಿಗೆ ಮುಖ ಒತ್ತಿ ನಿಲ್ಲುತ್ತದೆ.

ಎರಡನೇ ತರಗತಿ. ಮೂವತ್ತೊಂಬತ್ತು ಮಕ್ಕಳು.
ಮುಖಗವಸು ಗೂಟಕ್ಕೆ ನೇತುಹಾಕಿ
ಒದ್ದೆ ಉಣ್ಣೆಯ ವಾಸನೆಯಲ್ಲಿ ಕೂರುತ್ತಾರೆ.
ಬಿಲ್ಗೂನ್ ಮಾತ್ರ ಕೂರುವುದಿಲ್ಲ.
ಸೋಮವಾರ ಎನೆರೆಲಳ ಪೆನ್ಸಿಲ್ ಮುರಿದ,
ಬುಧವಾರ ಅವಳ ಕೈ ಕಚ್ಚಿದ.
ಯಾಕೋ ಎಂದರೆ ಬಾಯಿಗೆ ಬೀಗ.

ನನಗೆ ಕೊಟ್ಟದ್ದು ಎರಡು ದಿನದ ತರಬೇತಿ,
ಸುರುಳಿ ಸುತ್ತಿದ ಒಂದು ಪೋಸ್ಟರ್:
ನಗುವ ಹುಡುಗಿ, ನೀಲಿ ಆಕಾಶ,
ಕೆಳಗೆ, ಆಳವಾಗಿ ಉಸಿರೆಳೆದುಕೋ.
ಗೋಡೆಗೆ ಅಂಟಿಸಿ ಅದನ್ನೇ ಓದಿ ಹೇಳಿದೆ.
ಬಿಲ್ಗೂನ್ ಮೊದಲ ಸಲ ಬಾಯಿ ಬಿಟ್ಟ:
"ಬಗ್ಶಾ, ಅಮ್ಮ ಹೇಳಿದ್ದಾಳೆ,
ಚಳಿಗಾಲ ಮುಗಿಯೋ ತನಕ
ಹೊರಗೆ ಆಳವಾಗಿ ಉಸಿರಾಡಬೇಡ ಅಂತ.
ತಂಗಿ ಉಸಿರಾಡಿದ್ದಕ್ಕೇ ಆಸ್ಪತ್ರೇಲಿದ್ದಾಳೆ."

ನನ್ನ ಕೈಯಲ್ಲಿ ಅಂಟಿನ ಡಬ್ಬಿ.
ಇದಕ್ಕೆ ಏನು ಹೇಳಬೇಕೆಂದು
ತರಬೇತಿಯಲ್ಲಿ ಇರಲಿಲ್ಲ.

ಮರುದಿನ ಪೋಸ್ಟರಿಗೆ ಬೆನ್ನು ಮಾಡಿ ನಿಂತೆ.
ಎಳೆದುಕೊಳ್ಳುವುದು ಬೇಡ, ಬಿಡೋಣ ಎಂದೆ.
ಅಂಗೈಯಲ್ಲಿ ಬಿಸಿ ಉಪ್ಪುಚಹಾದ ಬಟ್ಟಲು ಇದೆ ಅಂದುಕೊಳ್ಳಿ,
ಮೇಲಿನ ಕೆನೆ ಹರಿಯದ ಹಾಗೆ ಊದಿ,
ಅದು ಆಚೆ ದಡಕ್ಕೆ ತೇಲಿ ಸುಕ್ಕುಗಟ್ಟಲಿ.
ಅರ್ಧ ತರಗತಿ ಉಗುಳು ಹಾರಿಸಿ ನಕ್ಕಿತು.
ಇನ್ನರ್ಧಕ್ಕೆ ನಿಜವಾಗಿಯೂ ಹಸಿವಾಯಿತು.

ಆಮೇಲೆ ಕೇಳಿದೆ, ಸಿಟ್ಟು ಬಂದಾಗ
ಮೈಯಲ್ಲಿ ಮೊದಲು ಎಲ್ಲಿಗೆ ಬರುತ್ತೆ?
ಹೊಟ್ಟೆಗೆ, ಅಂದಳು ಒಬ್ಬಳು, ಹಸಿ ಹಿಟ್ಟು ತಿಂದ ಹಾಗೆ.
ಕಾಲಿಗೆ, ಅಂದ ಇನ್ನೊಬ್ಬ, ಕಾಲೇ ಒದೆಯುತ್ತೆ, ನಾನಲ್ಲ.
ಎನೆರೆಲ್ ಕಚ್ಚಿದ ಗುರುತು ನೇವರಿಸುತ್ತ
ನನಗೆ ಸಿಟ್ಟೇ ಬರಲ್ಲ, ಗಂಟಲು ಮಾತ್ರ ಸಣ್ಣದಾಗುತ್ತೆ ಅಂದಳು.
ಬಿಲ್ಗೂನ್ ಬಹಳ ಹೊತ್ತು ತನ್ನನ್ನು ತಾನೇ ತಡಕಿದ,
ಜೇಬಿನಲ್ಲಿ ಚಿಲ್ಲರೆ ಹುಡುಕುವವನಂತೆ.
ಕೊನೆಗೆ ಕಿವಿಯ ಕೆಳಗೆ, ದವಡೆಯ ಮೂಲೆಗೆ ಬೆರಳಿಟ್ಟ.
"ಇಲ್ಲಿ. ನಾಯಿ ಇದೆ. ರಾತ್ರೀನೂ ಮಲಗಲ್ಲ."

ಮುಟ್ಟಿ ನೋಡಿದೆ. ಇತ್ತು.
ಏಳು ವರ್ಷದ ದವಡೆಯಲ್ಲಿ ಕಲ್ಲಿನಂಥ ಗಂಟು.
ಓಡಿಸಬೇಡ ಎಂದೆ, ಅದು ನಿನ್ನದೇ ನಾಯಿ.
ಹುಲ್ಲುಗಾವಲಲ್ಲಿ ಮನೆಗೆ ಬರುವವರು
ದೂರದಿಂದಲೇ ಕೂಗುತ್ತಾರಲ್ಲ, ನಾಯಿ ಹಿಡೀರಿ ಅಂತ,
ಹಾಗೆ ನೀನೂ ಕೂಗು.
ಆಮೇಲೆ ಹಲ್ಲಿಂದ ಹಲ್ಲು ಬಿಡಿಸು,
ಪಾದ ನೆಲದ ಮೇಲಿದೆಯೇ ನೋಡು,
ಚಹಾ ಊದು.

ಇದಾದ ಮೇಲೂ ಕಚ್ಚಿದ. ಎರಡು ಸಲ.
ಒಂದು ಸಲ ನನ್ನನ್ನೇ,
ಅದೂ ತಂಗಿ ಮನೆಗೆ ಬಂದ ದಿನ.
ಇನ್ನೊಂದು ದಿನ ಗಣಿತದ ನಡುವೆ ದಡಕ್ಕನೆ ಎದ್ದು
"ನಾಯಿ ಹಿಡೀರಿ!" ಎಂದು ಕಿರುಚಿ
ಗೋಡೆಗೆ ಬೆನ್ನು ಕೊಟ್ಟು ಊದತೊಡಗಿದ,
ಇಲ್ಲದ ಬಟ್ಟಲನ್ನು, ಉದ್ದಕ್ಕೆ, ಕೆನ್ನೆ ಉಬ್ಬಿಸಿ.
ಮೂವತ್ತೆಂಟು ಮಕ್ಕಳು ಅಲುಗದೆ ಕಾದರು.
ಹಲಗೆಯ ಮೇಲೆ ಕೂಡುವ ಲೆಕ್ಕ
ಅರ್ಧಕ್ಕೆ ನಿಂತಿತ್ತು.

ಜನವರಿಯ ಒಂದು ಮಧ್ಯಾಹ್ನ ಬಾಗಿಲ ಬಳಿ
ಫೋನಿನಲ್ಲಿ ಅಣ್ಣನ ಜೊತೆ ನಾನು:
ಅಪ್ಪನ ಒಲೆ, ಕಲ್ಲಿದ್ದಲಿನ ದುಡ್ಡು,
ಯಾರು ಕೊಡಬೇಕು, ಯಾರು ಎಂದೂ ಕೊಟ್ಟಿಲ್ಲ.
ತಗ್ಗಿದ ದನಿ. ನಗುಮುಖ.
ಮಕ್ಕಳಿಗೆ ಏನು ಗೊತ್ತಾಗುತ್ತೆ ಅಂದುಕೊಂಡಿದ್ದೆ.
ಸ್ವೆಟರಿನ ತೋಳನ್ನು ಯಾರೋ ಜಗ್ಗಿದರು.
"ಭುಜ, ಬಗ್ಶಾ.
ಕಿವಿಗೆ ತಾಗ್ತಾ ಇದೆ."

ತಾಗುತ್ತಿತ್ತು.
ಎಷ್ಟು ವರ್ಷದಿಂದಲೋ.
ಇಳಿಸಿದೆ. ಅಣ್ಣ ಹಲೋ ಹಲೋ ಅನ್ನುತ್ತಲೇ ಇದ್ದ.
ಬಿಲ್ಗೂನ್ ಎರಡೂ ಕೈ ಬೊಗಸೆ ಮಾಡಿ
ನನ್ನ ಗದ್ದದ ಕೆಳಗೆ ಹಿಡಿದ,
ಚೆಲ್ಲದ ಹಾಗೆ,
ಸುಡುತ್ತದೆ ಎಂಬ ಎಚ್ಚರದಲ್ಲಿ.
ಊದಿದೆ.